ಅಂಟು ಒಣಗುವ ತನಕ

ಇದು ಮೊದಲು ಖಣದ ವ್ಯಾಪಾರದ ಖಾತೆ ಪುಸ್ತಕ.
ನೂಲಿಗಿಷ್ಟು, ಬಣ್ಣಕ್ಕಿಷ್ಟು,
ಲಕ್ಷ್ಮೇಶ್ವರದವನ ಬಾಕಿ ಇಷ್ಟು.
ಅರ್ಧ ಹಾಳೆ ಖಾಲಿ ಉಳಿದಿದ್ದವು, ಅಪ್ಪ ಫೋಟೋ ಅಂಟಿಸಿದ.
ಕೆಳಗೆ ಒಂದಕ್ಷರ ಬರೆಯಲಿಲ್ಲ.
‘ನಮ್ಮ ಮಂದಿ ನಮಗ ಗೊತ್ತಿಲ್ಲೇನು?’ ಅನ್ನುತ್ತಿದ್ದ.

ಈಗ ಅಪ್ಪನೂ ಒಂದು ಫೋಟೋ.

ಗುಳೇದಗುಡ್ಡದ ಮನೆ.
ಮಗ್ಗದ ಕುಣಿ ಮುಚ್ಚಿ ಫ್ರಿಜ್ ಇಟ್ಟ ಪಡಸಾಲೆ.
ಪೆನ್ಸಿಲ್ ಹಿಡಿದು ಕೂತಿದ್ದೇನೆ.
ನಾನು ಬರೆದ ಇಸವಿಯನ್ನು ಕಾಕಾ ತಿದ್ದುತ್ತಾನೆ,
ಕಾಕಾ ತಿದ್ದಿದ್ದನ್ನು ಕಾಕು.
‘ಅದು ಮುದ್ದೇಬಿಹಾಳದ ಲಗ್ನ ಅಲ್ಲ,
ತಾಳಿಕೋಟಿದು. ಜಿಲೇಬಿ ಸೀದಿದ್ವು, ಮರ್ತಿಯೇನು?’
ಜಿಲೇಬಿ ಸೀದದ್ದನ್ನೂ ಬರೆದುಕೊಂಡೆ.

ಹದಿನೇಳನೆಯ ಹಾಳೆಯಲ್ಲಿ ಒಂದು ತೂತು.

ಬಾಗಲಕೋಟೆಯ ಸ್ಟುಡಿಯೋ.
ಆ ಓಣಿ ಈಗ ಹಿನ್ನೀರಿನ ತಳದಲ್ಲಿದೆ.
ಪರದೆಯ ಮೇಲೆ ಬಣ್ಣದ ಕೊಳ, ಎರಡು ಹಂಸ,
ಐದು ವರ್ಷದ ಅಪ್ಪ, ದೊಡ್ಡ ಅಳತೆಯ ಚಡ್ಡಿ.
ಅವನ ಪಕ್ಕ ಮನುಷ್ಯಾಕಾರದ ತೂತು.
ಕತ್ತರಿ ಬಹಳ ಜಾಗ್ರತೆಯಿಂದ ಸುತ್ತಿದೆ,
ಅಪ್ಪನ ಕಿವಿಗೆ ತಾಗದ ಹಾಗೆ.
ಅದಕ್ಕೇ ಅವನ ಭುಜದ ಮೇಲೆ
ನಾಲ್ಕು ಬೆರಳು ಉಳಿದುಬಿಟ್ಟಿವೆ,
ಯಾರವೂ ಅಲ್ಲದ ಬೆರಳು,
ಮತ್ತು ಬೆರಳೆಣಿಕೆಯಷ್ಟು ತೋಳಿನ ಅಂಚು.

ಕಾಕಾ ಚಹಾ ಕುಡಿಯಲು ಎದ್ದ. ಕಾಕುಗೆ ಅನ್ನ ನೆನಪಾಯಿತು.

ಆಯಿ ಪುಸ್ತಕವನ್ನು ಕಣ್ಣ ಹತ್ತಿರ ಹಿಡಿದಳು.
ಓದು ಬಾರದವಳು, ನೇಯ್ಗೆ ಬಂದವಳು.
ಉಗುರಿನಿಂದ ಅಂಚನ್ನು ಸವರಿದಳು.
‘ಸೂಜಿಮಲ್ಲಿಗಿ.
ಗಿಣಿಹಸಿರು ಮೈ, ಕೆಂಪು ದಡಿ.
ಲಾಳಿ ಎಸದಾಕಿ ನಾನ, ಉಟ್ಟಾಕಿ ತೋಟವ್ವ.
ನನ್ನ ನೆಗೆಣ್ಣಿ.’

ಯಾರು ಕತ್ತರಿಸಿದರು ಎಂದೆ.

‘ನಾನ.’

ಯಾಕೆ?

ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.
‘ಜಗಳ ಮರ್ತೈತಿ.
ಕತ್ತರಿ ನೆನಪೈತಿ.
ಬಾಳ ತಂಪಿತ್ತು ಕೈಯಾಗ.’

ತೋಟವ್ವ ಆಮೇಲೆ ಎಲ್ಲಿ ಹೋದಳು,
ರಬಕವಿಯೋ, ಇಚಲಕರಂಜಿಯೋ,
ಸಾಯುವಾಗ ಯಾರಿದ್ದರು,
ಆಯಿಗೆ ಗೊತ್ತಿಲ್ಲ, ಅಥವಾ ಹೇಳಲಿಲ್ಲ.
‘ಅಪ್ಪಗ ಜ್ವರ ಬಂದಾಗ ರಾತ್ರಿ ಎಲ್ಲಾ
ಹೆಗಲ ಮ್ಯಾಲೆ ಹಾಕ್ಕೊಂಡು ಅಡ್ಡಾಡಿದಾಕಿ ಅಕಿ.
ನನಗ ಆಗ ಬಾಣಂತನ. ಇದನ್ನ ಬರಿ.’

ಬರೆದೆ. ಓದಿ ಹೇಳು ಅಂದಳು.
ಓದಿದೆ.
‘ಕತ್ತರೀದು ಯಾಕ ಬಿಟ್ಟಿ?’

ಅದನ್ನೂ ಬರೆದೆ.
ಪೆನ್ಸಿಲ್ ಇಟ್ಟು ಪೆನ್ನಿನಲ್ಲಿ.

ಆಯಿ ಎದ್ದು ಹೋಗಿ ಟ್ರಂಕಿನ ತಳದಿಂದ
ಗಿಣಿಹಸಿರು ತುಂಡೊಂದು ತಂದಳು,
ನುಸಿಗುಳಿಗೆಯ ವಾಸನೆ, ಕೆಂಪು ದಡಿ.
ಇಷ್ಟು ದಿನ ಯಾಕೆ ಇಟ್ಟಿದ್ದೆ ಎಂದು ಕೇಳಲಿಲ್ಲ.
ಮೈದಾ ಕಲಸಿ ಕಾಸಿದೆವು.
ತೂತಿನ ಹಿಂದೆ ಬಟ್ಟೆ ಇಟ್ಟು
ಹೆಬ್ಬೆಟ್ಟಿನಿಂದ ಒತ್ತಿದಳು,
ನಾಲ್ಕು ಬೆರಳಿನ ಬುಡಕ್ಕೆ ಬಂದಾಗ ಮೆಲ್ಲಗೆ.

ಕಾಕಾ ಬಂದು ನೋಡಿದ, ಏನೂ ತಿದ್ದಲಿಲ್ಲ.
ನಾನು ಪುಸ್ತಕ ಮುಚ್ಚಲು ಹೋದೆ.

‘ತಡಿ,’ ಅಂದಳು ಆಯಿ,
‘ಹಸಿ ಐತಿ ಇನ್ನಾ.’