ಷರಾ

ಈ ಬೇಸಿಗೆಯೂ ನೂರಾ ಹನ್ನೆರಡು ಮಿಲಿಮೀಟರು.
ಹೋದ ವರ್ಷಕ್ಕಿಂತ ಎರಡು ಹೆಚ್ಚೇ.
ಪುಸ್ತಕ ತೆರೆದು ತೋರಿಸಿದೆ ಖಂಡ್‌ಸುರೆನ್‌ಗೆ.
ಗೋಬಿಯ ಅಂಚಿನ ಈ ಹವಾಮಾನ ಠಾಣೆಯಲ್ಲಿ
ಅಂಕಿ ಬರೆಯುವುದೊಂದೇ ನನ್ನ ಕೆಲಸ.

ಅವಳು ಓದಲಿಲ್ಲ. ಆಡಿನ ಹಾಲಿನ ಬೋಗುಣಿ
ನನ್ನ ಮೂಗಿಗೆ ಹಿಡಿದಳು: ಮೂಸು.

ಮೂಸಿದೆ. ಬರೀ ಹಾಲು.
ಕಾಡೀರುಳ್ಳಿಯ ಘಾಟಿಲ್ಲ.

ಮೊದಲೆಲ್ಲ ಸೋನೆ, ಅಂದಳು,
ಮೂರು ದಿನ, ಕುರಿಯ ಉಣ್ಣೆ ನೆನೆಯುವಷ್ಟೇ;
ನೆಲ ಗುಟುಕು ಗುಟುಕಾಗಿ ಕುಡಿಯುತ್ತಿತ್ತು,
ಬೇರಿಗೆ ಮುಟ್ಟಿತೇ ಎಂದು ಕೇಳಿಕೊಂಡೇ
ಮಳೆ ಮುಂದಿನ ದಿಣ್ಣೆಗೆ ಹೋಗುತ್ತಿತ್ತು.
ಈಗ ನಲವತ್ತು ದಿನ ಬಿಸಿಲು,
ಒಂದು ಮಧ್ಯಾಹ್ನ ಗುಡುಗು, ಆಲಿಕಲ್ಲು,
ಹನಿಗೂಡುವ ಮೊದಲೇ ಹಳ್ಳ.
ನಮ್ಮ ಗುಡಾರದ ಬಾಗಿಲಲ್ಲೇ ಹಾದುಹೋಗುತ್ತದೆ
ಮೇಲ್ಮಣ್ಣು ಹೊತ್ತು,
ಬೀಜವನ್ನೂ ಹೊತ್ತು.

ಆದರೂ ಹಸಿರಿದೆಯಲ್ಲ, ಎಂದೆ,
ಕಿಟಕಿಯಾಚೆ ತೋರಿಸಿ.
ನಕ್ಕಳು. ಅದು ಮಾಚಿಪತ್ರೆ, ಕಹಿ.
ಹಸಿದ ಕುರಿಯೂ ಒಮ್ಮೆ ಯೋಚಿಸುತ್ತದೆ.

ಬೋಗುಣಿ ಮೇಜಿನ ಮೇಲೇ ಬಿಟ್ಟು ಕುದುರೆ ಏರಿದಳು.

ಪುಸ್ತಕದ ಕೊನೆಗೊಂದು ಷರಾ ಕಾಲಂ ಇದೆ,
ಇಪ್ಪತ್ತು ವರ್ಷದಿಂದ ಖಾಲಿ.
ನೂರಾ ಹನ್ನೆರಡರ ಎದುರು ಬರೆದೆ:
ಹಾಲಿಗೆ ವಾಸನೆ ಇಲ್ಲ.