ಒಂದನೇ ತಾರೀಕಿನ ಕೋಷ್ಟಕ

ಫೋರ್ಟಿನ ರಾತ್ರಿಶಾಲೆಯಲ್ಲಿ ಕುಂದರ್ ಮೇಷ್ಟ್ರು
ಮೇಲಿಂದ ಕೆಳಗೆ ಒಂದು ಗೆರೆ ಎಳೆದು
ಕರಿಹಲಗೆಯನ್ನು ಪಾಲು ಮಾಡಿದರು:
ಎಡಕ್ಕೆ ಎಕ್ಸ್, ಬಲಕ್ಕೆ ಅದರ ಬೆಲೆ.
ನನಗೆ ಹೊಸತೇನಲ್ಲ.
ನಮ್ಮ ಹೋಟೆಲಿನ ಬೋರ್ಡೂ ಹಾಗೇ,
ಎಡಕ್ಕೆ ಬನ್ಸು, ಗೋಳಿಬಜೆ; ಬಲಕ್ಕೆ ಬೆಲೆ.

"ಎರಡರಲ್ಲಿ ಕೇಳಬೇಡಿ," ಅಂದರು.
"ಅಲ್ಲಿ ಸೊನ್ನೆಯ ಕೆಳಗೆ ಸೊನ್ನೆ, ಬಾಗಿಲು ಹಾಕಿದೆ.
ಅಕ್ಕಪಕ್ಕದವರನ್ನು ವಿಚಾರಿಸಿ."
ಒಂದು ಪಾಯಿಂಟ್ ಒಂಬತ್ತರಲ್ಲಿ ಮೂರು ಪಾಯಿಂಟ್ ಒಂಬತ್ತು.
ಇಲ್ಲೊಂದು ಒಂಬತ್ತು ಸೇರಿಸಿದರೆ ಅಲ್ಲೂ ಒಂದು ಒಂಬತ್ತು.
ಆಚೆ ಕಡೆಯಿಂದ ಬಂದರೆ
ಎರಡು ಪಾಯಿಂಟ್ ಸೊನ್ನೆ ಒಂದು,
ನಾಲ್ಕು ಪಾಯಿಂಟ್ ಸೊನ್ನೆ ಒಂದು.
ಯಾರೂ ಹೊಸ್ತಿಲು ತುಳಿಯಲಿಲ್ಲ, ಆದರೂ
ಒಳಗೆ ಇರುವುದು ನಾಲ್ಕೇ ಎಂದು
ಇಡೀ ಓಣಿಗೆ ಗೊತ್ತಾಯಿತು.
"ನಾಲ್ಕು ಅಂತ ಬರೆಯಬೇಡಿ.
ನಾಲ್ಕು ಎಂದು ತೋರುತ್ತದೆ, ಅಂತ ಬರೆಯಿರಿ."
ಆ 'ತೋರುತ್ತದೆ' ಬಿಟ್ಟು
ಕೆಂಪು ಶಾಯಿಯಲ್ಲಿ ಅರ್ಧ ಮಾರ್ಕು ಕಳಕೊಂಡವ ನಾನು.

ನನ್ನದೂ ಒಂದು ಕೋಷ್ಟಕ ಇತ್ತು, ಉಚ್ಚಿಲದ ಅಮ್ಮನಿಗಾಗಿ.
ಪ್ರತಿ ಒಂದನೇ ತಾರೀಕು ಕುರ್ಲಾ ಸ್ಟೇಷನ್ನಿನ ಸೇತುವೆಯಲ್ಲಿ
ದೇಜಣ್ಣ ನಿಂತಿರುತ್ತಿದ್ದ.
ಇಸ್ತ್ರಿಯ ಆಕಾಶಬಣ್ಣದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ,
ನಾಲ್ಕು ಮಡಿಕೆಯ ಐವತ್ತರ ನೋಟು.
ಹೇಗಿದ್ದೀ ಅಂದರೆ, "ನನಗೇನು ದಾಡಿ?"
ಜೂನ್: ನನಗೇನು ದಾಡಿ.
ಜುಲೈ: ನನಗೇನು ದಾಡಿ.
ಆಗಸ್ಟಿನಲ್ಲಿ ಹಳಿ ಮುಳುಗಿ ಗಾಡಿ ನಿಂತಿತ್ತು, ನಾನೇ ನಡೆದು ಹೋದೆ;
ಅದೇ ಅಂಗಿ, ಅದೇ ನೋಟು, ಅದೇ ದಾಡಿ.
ಇನ್‌ಲ್ಯಾಂಡಿನಲ್ಲಿ ಬರೆದೆ: ಅಣ್ಣ ಕ್ಷೇಮ.
'ತೋರುತ್ತದೆ' ಬರೆಯಲು ಜಾಗ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಮೇಷ್ಟ್ರು ಒಂದು ಕಳ್ಳ ಫಂಕ್ಷನ್ ತಂದರು.
ಪೈಯನ್ನು ಎಕ್ಸಿನಿಂದ ಭಾಗಿಸಿ, ಅದರ ಸೈನ್.
"ಸೊನ್ನೆಯ ಹತ್ತಿರ ಹೋಗಿ ನೋಡಿ ಬನ್ನಿ."
ಒಂದೇ ಕ್ಯಾಲ್ಕುಲೇಟರು, ಹದಿನಾಲ್ಕು ಮಂದಿ,
ಇಡ್ಲಿಹಿಟ್ಟು ಒಣಗಿದ ಬೆರಳುಗಳು.
ಪಾಯಿಂಟ್ ಒಂದರಲ್ಲಿ ಸೊನ್ನೆ.
ಪಾಯಿಂಟ್ ಸೊನ್ನೆ ಒಂದರಲ್ಲಿ ಸೊನ್ನೆ.
ಪಾಯಿಂಟ್ ಸೊನ್ನೆ ಸೊನ್ನೆ ಒಂದರಲ್ಲಿ
"ಸೊನ್ನೆಯೇ ಸಾರ್!" ಎಂದು ಕೂಗಿದೆವು.
"ಈಗ ಮೂರನ್ನು ಹಿಡಿದು ಹೋಗಿ."
ಪಾಯಿಂಟ್ ಮೂರು: ಮೈನಸ್ ಪಾಯಿಂಟ್ ಎಂಟು ಆರು ಆರು.
ಪಾಯಿಂಟ್ ಸೊನ್ನೆ ಮೂರು: ಅದೇ.
ಇನ್ನೂ ಒಂದು ಸೊನ್ನೆ: ಅದೇ ಮೈನಸ್, ಅದೇ ಆಳ.
"ನೀವು ಕಾಲಿಟ್ಟ ಕಲ್ಲುಗಳನ್ನಷ್ಟೇ ನೋಡಿದಿರಿ," ಅಂದರು.
"ನಡುವೆ ಎಷ್ಟು ಸಲ ಏರಿತು, ಎಷ್ಟು ಸಲ ಬಿತ್ತು?
ಇದು ಎಲ್ಲಿಯೂ ಸೇರುವುದಿಲ್ಲ. ಇದಕ್ಕೆ ಲಿಮಿಟ್ಟೇ ಇಲ್ಲ."
ಟ್ಯೂಬ್‌ಲೈಟು ಗುಂಯ್ ಅನ್ನುತ್ತಿತ್ತು.

ಮುಂದಿನ ಮೂರನೇ ತಾರೀಕು, ಮಧ್ಯಾಹ್ನದ ಬಿಡುವಿನಲ್ಲಿ, ಕುರ್ಲಾಕ್ಕೆ ಹೋದೆ.
ಸೇತುವೆಯಲ್ಲಿ ಆಕಾಶಬಣ್ಣದ ಅಂಗಿ ಸಿಕ್ಕಿತು,
ಕಿಸೆಯ ಮೂಲೆಯಲ್ಲಿ ಅದೇ ಶಾಯಿಯ ಕಲೆ.
ಒಳಗೆ ಬೇರೆ ಮನುಷ್ಯ.
"ದೇಜುವಾ? ಅಂಗಿ ನನ್ನದು ಮಾರಾಯಾ.
ತಿಂಗಳಿಗೊಂದು ದಿನ ಕೊಡ್ತೇನೆ.
ಅವನ ಕಂಪೆನಿ ಬಾಗಿಲು ಹಾಕಿ ಆರು ತಿಂಗಳಾಯ್ತಲ್ಲ."
ಐವತ್ತರ ನೋಟು ಯಾರದೆಂದು ಕೇಳಲಿಲ್ಲ.
ರಾತ್ರಿ ಅಮ್ಮನಿಗೆ ಮೈನಸ್ ಬರೆಯಲು ಕೂತೆ.
'ತೀರ್ಥರೂಪ' ಎಂಬಲ್ಲಿಗೆ ಪೆನ್ನು ನಿಂತಿತು.

ಎಂಟಕ್ಕೆ ಮತ್ತೆ ಹೋದೆ, ಹೇಳದೆ.
ಚಾಳಿನ ಹಿಂದೆ, ನೀರಿನ ಟಾಂಕಿಯ ಮೇಲೆ,
ತೂತುಬಿದ್ದ ಬನಿಯನ್ನಿನಲ್ಲಿ ಅಣ್ಣ ಬಂಗುಡೆ ಸುಡುತ್ತಿದ್ದ.
ಯಾವನೋ ಸೂಪರ್‌ವೈಸರನ ಹಾಗೆ ಕುಂಡೆ ತಿರುಗಿಸಿ ನಡೆದು
ಸುತ್ತಲಿದ್ದವರನ್ನು ನಗಿಸುತ್ತಿದ್ದ, ತಾನೂ ನಗುತ್ತಿದ್ದ.
ಅಷ್ಟು ದೊಡ್ಡ ನಗೆ
ಯಾವ ಒಂದನೇ ತಾರೀಕಿನಲ್ಲೂ ನಾನು ಕೇಳಿರಲಿಲ್ಲ.
(ಪಾಯಿಂಟ್ ಸೊನ್ನೆ ಎಂಟರಲ್ಲಿ ಬೆಲೆ ಪೂರಾ ಒಂದು.
ಆಮೇಲೆ ಲೆಕ್ಕ ಹಾಕಿ ನೋಡಿದೆ.)

ನನ್ನನ್ನು ಕಂಡು ಇಕ್ಕಳ ಅಲ್ಲೇ ನಿಂತಿತು.
"ಏನಾ ತನಿಯ, ಇವತ್ತು ತಾರೀಕು ಎಷ್ಟು?"
ಎಂಟು, ಅಂದೆ.
ಸ್ವಲ್ಪ ಹೊತ್ತು ಕೆಂಡ ನೋಡಿದ.
"ಹಾಗಾದರೆ ಕೂತುಕೋ," ಎಂದು
ಹಳೇ ಪೇಪರಿನ ಮೇಲೆ ಒಂದು ಇಡೀ ಮೀನು ಇಟ್ಟ.
"ಮುಳ್ಳು ನೋಡಿಕೊಂಡು ತಿನ್ನು."