ಡಾಕ್ಟರ್ ಗನ್ನರ ಬಾಕಿ ಪುಸ್ತಕ

ವಿಕ್ ಬಂದರು, ಸ್ಕಾಟ್ಲೆಂಡ್, ೧೮೮೭

ಪತ್ರಿಕೆ ಬಂತು, ಆರು ವಾರ ತಡವಾಗಿ,
ಯಾರದೋ ಬೂಟಿಗೆ ಸುತ್ತಿಕೊಂಡು.
ಇಸ್ತ್ರಿಪೆಟ್ಟಿಗೆಯಿಂದ ಸುಕ್ಕು ತೀಡಿ ಓದಿದೆ:
ಫಾರ್ಕರ್ ಗನ್, ವೈದ್ಯರು,
ನೂರ ಹನ್ನೊಂದು ಮತಗಳಿಂದ ಗೆದ್ದು
ಕೆನಡಾದ ಪಾರ್ಲಿಮೆಂಟು ಹೊಕ್ಕವರು.

ನಾಡಿ ಹಿಡಿಯುತ್ತಿದ್ದವರು
ಈಗ ನಾಡನ್ನೇ ಹಿಡಿದರಲ್ಲ, ಅಂತ ನಕ್ಕೆ.

ಹನ್ನೆರಡು ವರ್ಷ ಅವರ ಔಷಧಿ ಅರೆದವಳು ನಾನು,
ಇಸ್ಬೆಲ್ ಬ್ರೆಮ್ನರ್.
ಮೀನು ಸೀಳುವ ಹುಡುಗಿಯರು ಬರುತ್ತಿದ್ದರು
ಬೆರಳಿಗೆಲ್ಲ ಹಿಟ್ಟಿನ ಚೀಲದ ಚಿಂದಿ ಕಟ್ಟಿಕೊಂಡು.
ಉಪ್ಪು ಕಚ್ಚಿದ ಗಾಯದಿಂದ ಚಿಂದಿ ಬಿಡಿಸುವಾಗ
ಡಾಕ್ಟರು ಬೇಕೆಂದೇ ಅಪಸ್ವರದಲ್ಲಿ ಹಾಡುವರು,
ಅವರು ನೋವು ಮರೆತು ಬೈಯಲಿ ಅಂತ.
ಶುಲ್ಕ ಐದು ಹೆರಿಂಗ್ ಮೀನು. ಕೆಲವೊಮ್ಮೆ ಮೂರು.
ಹೆಚ್ಚಿನ ದಿನ, "ಬರೆದುಕೋ ಇಸ್ಬೆಲ್."
ಬರೆದುಕೊಂಡೆ.

ಆಮೇಲೆ ಆ ಬೇಸಿಗೆ.
ಮೀನಿನ ಕರುಳು ಹೊತ್ತ ಮೋರಿ
ಬಾವಿಯ ಮಗ್ಗುಲಲ್ಲೇ ಹರಿದು
ನಮ್ಮ ಬೀದಿಯೊಂದರಲ್ಲೇ ಹತ್ತೊಂಬತ್ತು ಜ್ವರ.
ಅದರಲ್ಲಿ ಒಂದು ನನ್ನ ಮನೆಯದು, ನಾಲ್ಕು ವರ್ಷದ್ದು, ಜೀನ್.
ಡಾಕ್ಟರು ಬಂದರಿನ ಮಂಡಳಿಗೆ ಹೋಗಿ
ಆ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಮೇಜಿನ ಮೇಲಿಟ್ಟರು:
"ಕುಡಿಯಿರಿ. ಇಲ್ಲವೇ ಮೋರಿ ತಿರುಗಿಸಿ."
ಅಧ್ಯಕ್ಷರು ಗಡಿಯಾರ ನೋಡಿದರು.
ಯಾರೂ ಕುಡಿಯಲಿಲ್ಲ.
ಯಾರೂ ತಿರುಗಿಸಲಿಲ್ಲ.

ಹಡಗು ಹತ್ತುವ ಬೆಳಿಗ್ಗೆ ಬಾಕಿ ಪುಸ್ತಕ ನನ್ನ ಕೈಗಿತ್ತು
"ಸುಟ್ಟುಬಿಡು" ಅಂದರು.
ಸುಡಲು ಕೈ ಬರಲಿಲ್ಲ.

ಈಗ ಈ ಸುಕ್ಕು ಹಾಳೆಯಲ್ಲಿ ಅವರ ಮೊದಲ ಭಾಷಣ.
ಯಾವುದೋ ಮರ ಕೊಯ್ಯುವ ಊರು, ಅದರ ಮೋರಿ,
ಎದುರಿಗೆ ಒಂದು ಲೋಟ ನೀರು.
ಅದೇ ಮಾತು, ಅಕ್ಷರ ತಪ್ಪದೆ.
ಸದಸ್ಯರೆಲ್ಲ ಎದ್ದು ಚಪ್ಪಾಳೆ ತಟ್ಟಿದರಂತೆ.
ಹಣ ಮಂಜೂರಾಯಿತಂತೆ.

ನನಗೆ ಸಿಟ್ಟಿಲ್ಲ.
ಸ್ವಲ್ಪ ಇದೆ.
ಮಾತು ಹೆಪ್ಪಿನ ಹಾಗೆ, ಒಂದು ಮನೆಯಲ್ಲಿ ಹುಳಿಯಾದದ್ದು
ಇನ್ನೊಂದು ಮನೆಯ ಹಾಲು ಕೂಡಿಸುತ್ತದೆ.
ಕೂಡಲಿ. ಅಲ್ಲೂ ಮಕ್ಕಳಿದ್ದಾರೆ.

ಪುಸ್ತಕದ ಕೊನೆಯ ಪುಟ ಖಾಲಿ ಇತ್ತು. ಬರೆದೆ:
ಗನ್, ಪಾರ್ಲಿಮೆಂಟ್ ಸದಸ್ಯರು.
ಬಾಕಿ, ಒಂದು ಲೋಟ ನೀರು.

ಮಸಿ ಆರುವ ಮೊದಲೇ ಬಕೆಟ್ಟು ಹಿಡಿದು ಹೊರಟೆ
ದಿಬ್ಬದ ಮೇಲಿನ ಬಾವಿಗೆ.
ಹತ್ತಿರದ್ದರಲ್ಲಿ ಇವತ್ತಿಗೂ ನಾನು ಸೇದುವುದಿಲ್ಲ.